ಹೆಡ್‌ಮೇಡಂ ಎದೆಯೊಳಗೆ ಕ್ಯಾಮರಾ

“ಸಿಗರೇಟು ಸೇದ್ತೀರಾ?” ಎಂದು ಡಾಕ್ಟರು ಗಂಡನ ಎದುರಿಗೇ ಕೇಳಿಬಿಟ್ಟರು.

“ಛೆ, ಛೆ!” ಎಂದು ಹೆಡ್‌ಮೇಡಂ ಮೂಗು ಮುರಿದರು. ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಶಾಲೆಯ ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಕೆ ದಿನಕ್ಕೊಂದು ಸೇದುತ್ತಿದ್ದರು. ಅಷ್ಟು ಹೊತ್ತು ಯಾರ ಮೇಡಮ್ಮೂ ಅಲ್ಲ, ಯಾರ ಹೆಂಡತಿಯೂ ಅಲ್ಲ.

ಡಾಕ್ಟರು ಪರದೆ ತಿರುಗಿಸಿದರು. “ಶ್ವಾಸಕೋಶದ ತುದೀಲಿ ಸಣ್ಣ ಗಂಟಿದೆ. ನಿಮ್ಮ ಸ್ಕ್ಯಾನ್ ನೋಡಿ ಕಂಪ್ಯೂಟರೇ ದಾರಿಯ ನಕಾಶೆ ಮಾಡಿದೆ. ಬಾಯಿಂದ ತೆಳ್ಳಗಿನ ಕೊಳವೆ ಬಿಟ್ಟು, ಈ ದಾರೀಲೇ ಹೋಗಿ ಪರೀಕ್ಷೆಗೆ ಒಂದು ಚೂರು ತರ್ತೀವಿ.”

ತಲೆಕೆಳಗಾದ ಮರದಂತೆ ಕವಲೊಡೆದಿದ್ದ ತಮ್ಮದೇ ಎದೆಯನ್ನು ಕಂಡು ಹೆಡ್‌ಮೇಡಂಗೆ ಭಯವೇ ಮರೆತುಹೋಯಿತು. “ಅಬ್ಬಾ! ಕವಲಲ್ಲಿ ದಾರಿ ತಪ್ಪಿದ್ರೆ?”

“ಕಂಪ್ಯೂಟರು ಎಚ್ಚರಿಸುತ್ತೆ. ಕೊಳವೇಲಿ ಕ್ಯಾಮರಾನೂ ಇದೆ.”

“ದಾರೀಲಿ ಇರೋದೆಲ್ಲ ಕಾಣುತ್ತಾ?”

“ಎಲ್ಲಾ!”

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಹೊರಗೆ ಕಾದಿದ್ದ ಪಕ್ಕದ ಮನೆಯಾಕೆ ವಿಷಯ ಕೇಳಿ ಧೈರ್ಯ ತುಂಬಿದಳು. “ನಮ್ಮ ಬಚ್ಚಲ ಪೈಪಿಗೂ ಇಂಥದ್ದೇ ಬಿಟ್ಟಿದ್ರು ಮೇಡಂ. ಎಂದೋ ಉದುರಿದ ಕೂದಲೆಲ್ಲ ಕಾಣಿಸ್ತು! ಏನೂ ಬಚ್ಚಿಡೋಕಾಗಲ್ಲ.”

ಡಾಕ್ಟರ ಕಿವಿಯಲ್ಲಿ ನಿಜ ಹೇಳಿಬಿಡೋಣವೆಂದರೆ ಗಂಡ ಕೈ ಬಿಡಲೊಲ್ಲ. ಅಂಟಿನ ಹಾಗೆ ಹತ್ತಿಕೊಂಡು ಆಪರೇಷನ್ ಕೋಣೆಯ ಬಾಗಿಲವರೆಗೂ ಬಂದ. “ಡಾಕ್ಟ್ರೇ, ನಾನು…” ಎಂದು ಒಳಗೆ ಹೆಡ್‌ಮೇಡಂ ಶುರು ಮಾಡುವಷ್ಟರಲ್ಲಿ ಅರಿವಳಿಕೆಯ ಮಂಪರು ಕವಿಯಿತು.

ಕಣ್ಣು ಬಿಟ್ಟಾಗ ಮೂವರೂ ಮಂಚದ ಸುತ್ತ ನಿಂತಿದ್ದರು.

“ಪೂರ್ತಿ ವರದಿ ಬರಬೇಕು. ಆದ್ರೆ ಮೊದಲ ನೋಟಕ್ಕೆ ಕ್ಯಾನ್ಸರ್ ಅನ್ನಿಸ್ತಿಲ್ಲ,” ಎಂದರು ಡಾಕ್ಟರು. ಹೆಡ್‌ಮೇಡಂ ನಿಟ್ಟುಸಿರು ಬಿಡುವ ಮೊದಲೇ ಮುಂದುವರಿಸಿದರು. “ಆದ್ರೆ ದಾರಿಯುದ್ದಕ್ಕೂ ಹೊಗೆಯ ಕುರುಹು. ಸೇದದೇ ಇರೋರಿಗೆ ಇದು ಹೇಗೆ?”

ಪಕ್ಕದ ಮನೆಯಾಕೆಯ ಕಣ್ಣು ತಟ್ಟೆಯಷ್ಟಗಲವಾಯಿತು. ಇನ್ನು ಮುಗಿಯಿತೆಂದು ಹೆಡ್‌ಮೇಡಂ ಬಾಯಿ ತೆರೆದರು. ಅಷ್ಟರಲ್ಲಿ ಗಂಡ ಗೊಳೋ ಎಂದು ಅತ್ತ.

“ನಾನೇ ಕಣೇ ಪಾಪಿ! ನಿನ್ನ ಕಣ್ಣು ತಪ್ಪಿಸಿ ತಾರಸೀಲಿ ಸೇದ್ತಿದ್ದೆ. ನನ್ನ ಹೊಗೆ ನಿನ್ನ ಎದೆ ಸೇರಿಬಿಡ್ತು!”

ಇಷ್ಟು ವರ್ಷ ಮೋಸವೇ? ಹೆಡ್‌ಮೇಡಂಗೆ ನಿಜಕ್ಕೂ ಸಿಟ್ಟು ಬಂತು. ಮರುಗಳಿಗೆಯೇ ಬದುಕಿದೆನೆನಿಸಿ, ಹೋಂವರ್ಕ್ ಮಾಡದ ಹುಡುಗನನ್ನು ಕ್ಷಮಿಸುವ ಗತ್ತಿನಲ್ಲಿ ಹೇಳಿದರು: “ಹೋಗ್ಲಿ ಬಿಡಿ. ಇನ್ಮೇಲೆ ಮುಟ್ಟಬಾರದು.”

“ನಿನ್ನಾಣೆಗೂ ಮುಟ್ಟಲ್ಲ! ಆದ್ರೆ ಒಬ್ಬನೇ ಇದ್ರೆ ಮನಸ್ಸು ಎಳೆಯುತ್ತೆ. ಅದಕ್ಕೇ ಇನ್ಮೇಲೆ ನಿನ್ನ ಒಂದು ಗಳಿಗೆಯೂ ಬಿಟ್ಟಿರಲ್ಲ. ಶಾಲೆಗೂ ಬರ್ತೀನಿ. ಹೇಗೂ ರಿಟೈರ್ ಆಗಿದೀನಲ್ಲ!”

“ಎಂಥಾ ಗಂಡ! ಪುಣ್ಯ ಮಾಡಿದ್ರಿ ಮೇಡಂ,” ಎಂದು ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು.

ಹೆಡ್‌ಮೇಡಂಗೆ ಆ ಕ್ಷಣ ಒಂದೇ ಒಂದು ಸಿಗರೇಟು ಬೇಕೆನಿಸಿತು.