ಷಡ್ಡಕರ ಅಯೋಡಿನ್, ನನ್ನ ಮಂಡಿನೋವು

ಒಂದು ವಾರ ಮನೆಯಲ್ಲಿ ಒಬ್ಬ ರೋಗಿಯನ್ನು ಇಟ್ಟುಕೊಳ್ಳುವುದು ನನ್ನಂಥ ವಿಶಾಲ ಹೃದಯದವನಿಗೆ ದೊಡ್ಡ ವಿಷಯವಲ್ಲ ಎಂದುಕೊಂಡಿದ್ದೆ. ರೋಗಿ ನನ್ನ ಷಡ್ಡಕ ಮುನಿಯಪ್ಪ, ಪಾಲಕೋಡಿನ ಕಡೆ ಟೊಮೆಟೊ ಬೆಳೆಯುವವರು. ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆಗಿ, ಅಳಿದುಳಿದದ್ದನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಮಾತ್ರೆ ನುಂಗಿಸಿದ್ದರು. ಆಸ್ಪತ್ರೆಯ ಒಂಟಿ ಕೋಣೆಯಿಂದ ಬಿಟ್ಟ ಮೇಲೂ ಒಂದು ವಾರ ಮಕ್ಕಳಿಂದ ದೂರವಿರಬೇಕಂತೆ. ಅವರ ಮನೆಯಲ್ಲಿ ಪುಟ್ಟ ಮೊಮ್ಮಗಳಿದ್ದಾಳೆ. ಸೇಲಂನ ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ಸರಸು ಇಬ್ಬರೇ. ಹೀಗೆ ನಮ್ಮ ಮಹಡಿ ಕೋಣೆ ಅವರದಾಯಿತು.

ಮೊದಲ ದಿನವೇ ನನ್ನ ಹೃದಯ ಕಿರಿದಾಗತೊಡಗಿತು.

ಅವರ ಬಾಗಿಲಿಗೇ ಬಿಸಿ ಮುದ್ದೆ, ಹುರುಳಿ ಸಾರು. ಬಾಯಿ ಒಣಗದಿರಲೆಂದು ನಿಂಬೆ ಪೆಪ್ಪರ್‌ಮೆಂಟು. ಪಕ್ಕದ ಮನೆಯ ಸೆಲ್ವಿಯಕ್ಕ ಕಾಂಪೌಂಡಿನಾಚೆ ನಿಂತು ಮಹಡಿಗೆ ಕೈಮುಗಿದು ಹೋದರು. ಇಷ್ಟು ವರ್ಷ ಪಕ್ಕದಲ್ಲಿದ್ದೇನೆ, ನನಗೆ ಮುಗಿದವರಲ್ಲ.

“ನಂಗೂ ಮಂಡಿನೋವು ಐತೆ,” ಎಂದೆ ಸರಸುಗೆ.

“ಬಾವನ ಮೈಯೊಳ್ಗೆ ಅಣು ಐತೆ. ನಿಮ್ ಮಂಡೀಲಿ ಏನೈತೆ? ಓಗಿ, ಕೊತ್ತಂಬರಿ ತನ್ನಿ.”

ನಾನು ಕೊತ್ತಂಬರಿಗೆ ಹೋಗಲಿಲ್ಲ, ಡಾಕ್ಟರ ಬಳಿಗೆ ಹೋದೆ. ಮಂಡಿಯ ನೋವನ್ನು ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ, ಬೆನ್ನಿಂದ ಹೆಗಲಿಗೆ ಏರಿಸಿ ವರ್ಣಿಸಿದೆ. ಅವರು ಗಾಬರಿಯಾಗಿ ಮೂಳೆ ಸ್ಕ್ಯಾನಿಗೆ ಬರೆದುಕೊಟ್ಟರು. ಅದಕ್ಕೂ ಅಣುವಿನ ಔಷಧವನ್ನೇ ಚುಚ್ಚುತ್ತಾರೆ ಎಂದು ತಿಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಸೂಜಿ ಚುಚ್ಚಿ ಮೂರು ಗಂಟೆ ಕೂರಿಸಿದರು. ಔಷಧ ಮೂಳೆಗೆ ಹತ್ತಬೇಕು, ಮಿಕ್ಕಿದ್ದು ಹೊರಹೋಗಬೇಕು. ಅದಕ್ಕೆ ನೀರು ಕುಡಿ, ಒಂದಕ್ಕೆ ಹೋಗು. ಮತ್ತೆ ಕುಡಿ, ಮತ್ತೆ ಹೋಗು. ಕೊನೆಗೆ ಕ್ಯಾಮೆರಾದ ಕೆಳಗೆ ಅಲುಗಾಡದೆ ಮಲಗಿಸಿದರು. ಆಗಲೇ ಮೂಗು ತುರಿಸಬೇಕೆ!

ಮನೆಗೆ ಬಂದವನು ಅಂಗಳದಲ್ಲೇ ನಿಂತೆ.

“ಸರಸು, ಅತ್ರ ಬರ್ಬೇಡ. ನಂಗೂ ಅಣು ಆಕವ್ರೆ.”

ಅವಳು ಹೆದರಲಿಲ್ಲ, ಸ್ಕ್ಯಾನ್ ಸೆಂಟರಿಗೆ ಸ್ಪೀಕರಿನಲ್ಲಿ ಫೋನ್ ಮಾಡಿದಳು. “ಅದು ಕೊಂಜಂ ದಾಮ್ಮಾ,” ಎಂದಳು ನರ್ಸ್. ತೀರಾ ಸ್ವಲ್ಪವಂತೆ. ಚೆನ್ನಾಗಿ ನೀರು ಕುಡಿದರೆ ನಾಳೆಗೆ ಏನೂ ಉಳಿಯುವುದಿಲ್ಲವಂತೆ. ನನ್ನ ವೈಭವ ಒಂದು ರಾತ್ರಿಯದು.

ಅಷ್ಟರಲ್ಲಿ ಮಹಡಿಯಿಂದ ಮುನಿಯಪ್ಪನವರ ಒಡಕು ದನಿ ಕೇಳಿತು. “ತಮ್ಮಾ, ನಿಂಗೂ ಕೊಟ್ರಾ? ಅಂಗಾದ್ರೆ ಮ್ಯಾಲಕ್ ಬಾಲಾ. ಗೋಡೆ ತಾವ ಮಾತಾಡಿ ಸಾಕಾಯ್ತು.”

ಹೋಗಿ ಮೆಟ್ಟಿಲ ತುದಿಯಲ್ಲಿ, ಅವರಿಂದ ದೂರದಲ್ಲಿ ಕುಳಿತೆ. ಅವರ ಕುತ್ತಿಗೆಯ ಹೊಲಿಗೆ ಗುರುತನ್ನು ಸರಿಯಾಗಿ ನೋಡಿದ್ದು ಆಗಲೇ.

“ಪಾಪು ಫೋನ್ನಾಗೆ ಎತ್ಕೋ ಅಂತ ಕೈ ಚಾಚ್ತದೆ,” ಎಂದರು. “ನಾಳಿದ್ದು ನಂಗೆ ಸ್ಕ್ಯಾನು. ಬ್ಯಾರೆ ಎಲ್ಲಾರ ಅಬ್ಬೈತಾ ಅಂತ ಗೊತ್ತಾಯ್ತದೆ. ನಿದ್ದೆ ಬರಾಕಿಲ್ಲ ಕಣಪ್ಪಾ.”

ಇಂಥವರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಕತ್ತಲಾಗುವವರೆಗೂ ಅಲ್ಲೇ ಕುಳಿತು ಅವರ ಟೊಮೆಟೊ ಕಥೆಗಳನ್ನು ಕೇಳಿದೆ.

ಅವರ ಸ್ಕ್ಯಾನ್ ಬಂತು. ಬೇರೆಲ್ಲೂ ಹಬ್ಬಿರಲಿಲ್ಲ. ಸರಸು ಅತ್ತುಬಿಟ್ಟಳು, ನಾನೂ ಮುಖ ತಿರುಗಿಸಿಕೊಂಡೆ. ಅದೇ ದಿನ ನನ್ನ ರಿಪೋರ್ಟೂ ಬಂತು: ವಯಸ್ಸಿಗೆ ತಕ್ಕ ಸವೆತ, ಅಷ್ಟೇ. ಸರಸು ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳಿದಳು, “ಇವ್ರೊಳ್ಗೆ ಏನೂ ಇಲ್ವಂತೆ ಕಣಕ್ಕಾ.”

ಅಷ್ಟು ತಿಳಿಯೋಕೆ ಅಂಥಾ ದೊಡ್ಡ ಕ್ಯಾಮೆರಾ ಬೇಕಾಗಿತ್ತಾ ಎಂದು ಅಕ್ಕ ಕೇಳಿದರಂತೆ.