ಇಬ್ಬರು ಕನ್ನೊಳ್ಳಿಯವರು, ಒಂದೇ ಡಾಟ್ ಕಾಮ್

ಸ್ವಂತ ಹೆಸರಿನ ಮೇಲೆ ಮನುಷ್ಯನಿಗಿರುವಷ್ಟು ಗರ್ವ ಸ್ವಂತ ಹೊಲದ ಮೇಲೂ ಇರುವುದಿಲ್ಲ. ಹೊಲವನ್ನಾದರೂ ಸರ್ವೆಯವರು ಬಂದು ಅಳೆದು, ಬಾಂದುಕಲ್ಲು ನೆಟ್ಟು, ಇಷ್ಟೇ ನಿನ್ನದು ಎಂದು ಹೇಳಿ ಹೋಗುತ್ತಾರೆ. ಹೆಸರಿಗೆ ಬಾಂದುಕಲ್ಲಿಲ್ಲ. ಇದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಹೆಂಡತಿಯ ರೊಟ್ಟಿಯ ದೆಸೆಯಿಂದ.

ನಾನು ವಿಜಯಪುರ ಜಿಲ್ಲೆಯ ಇಂಡಿ ಎಂಬ ಊರಿನ ಕನ್ನೊಳ್ಳಿ. ನಮ್ಮ ಕಡೆ ಬಿಟ್ಟುಬಂದ ಊರೇ ಅಡ್ಡಹೆಸರು. ಸಿಂದಗಿ ತಾಲೂಕಿನ ಕನ್ನೊಳ್ಳಿಯಿಂದ ಎದ್ದುಬಂದ ನನ್ನ ಅಜ್ಜನಿಗೆ ಇಂಡಿಯ ಜನ ಆ ಹೆಸರು ಹಚ್ಚಿದರು. ಈಗ ನಾವು ಕನ್ನೊಳ್ಳಿಗೆ ಹೋದರೆ, "ಇಂಡಿಯವ್ರು ಬಂದಾರ, ಚಾ ಇಡ್ರಿ" ಎನ್ನುತ್ತಾರೆ. ಇಂಥ ಹೆಸರನ್ನು ನಂಬಿ ನಾನು ಕಾನೂನಿನ ಮಾತಾಡಿದೆ.

ಹೆಂಡತಿ ಶಾಂತಾ ಐದಾರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಬಡಿಯುವುದು ಅವಳ ಕೆಲಸ, ತಲೆ ಓಡಿಸುವುದು ನನ್ನದು ಎಂದು ನಾನೇ ಹಂಚಿಕೆ ಮಾಡಿದ್ದೆ. 'ಕನ್ನೊಳ್ಳಿ ರೊಟ್ಟಿ' ಎಂದು ಟ್ರೇಡ್‌ಮಾರ್ಕ್ ಮಾಡಿಸಿ, ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಕನ್ನೊಳ್ಳಿ ಡಾಟ್ ಕಾಮ್ ಎಂಬ ವಿಳಾಸವಿರುವ ಲೇಬಲ್ಲುಗಳನ್ನು ಒಂದು ಕೋಣೆ ತುಂಬ ಅಚ್ಚು ಹಾಕಿಸಿ, ಪಾಕೀಟುಗಳನ್ನು ಊರೂರಿಗೆ ಕಳಿಸಿದೆ. ಆಮೇಲೆ ಆ ವಿಳಾಸ ಕೊಳ್ಳಲು ಹೋದೆ. ಈ ಕ್ರಮದಲ್ಲಿ ಏನೋ ತಪ್ಪಿದೆ ಎಂದು ನನಗೆ ಹೊಳೆಯಲಿಲ್ಲ. ಲಗ್ನಪತ್ರಿಕೆ ಅಚ್ಚಾದ ಮೇಲೆ ಮಂಗಲ ಕಾರ್ಯಾಲಯ ಹುಡುಕಿದವರು ನಮ್ಮ ಮನೆತನದಲ್ಲಿದ್ದಾರೆ.

ವಿಳಾಸ ಆಗಲೇ ಬೇರೆಯವರದಾಗಿತ್ತು. ತೆರೆದರೆ ಹೊಲಿಗೆ ಯಂತ್ರದ ಚಿತ್ರ. ಕೆಳಗೆ 'ಶೇರವಾನಿ ಸ್ಪೆಷಲಿಸ್ಟ್, ಮುದ್ದೇಬಿಹಾಳ', ಒಂದು ಫೋನ್ ನಂಬರು. ಹಳೆಯ ಗಿರಾಕಿಯೊಬ್ಬರು ಶಾಂತಾಳಿಗೇ ಫೋನ್ ಮಾಡಿ, "ಅಕ್ಕಾರ, ರೊಟ್ಟಿ ಬೇಕಂದ್ರ ನಿಮ್ಮ ವೆಬ್‌ಸೈಟು ಎದಿ ಅಳತಿ ಕೇಳಾಕತ್ತೈತಲ್ರಿ" ಎಂದರು. ಹೊಸ ಗಿರಾಕಿಗಳು ಅಷ್ಟೂ ಕೇಳದೆ ಕೈಬಿಟ್ಟುಹೋಗುತ್ತಿದ್ದರು. ಅವಳು ವರ್ಷಗಟ್ಟಲೆ ಬಡಿದು ಕಟ್ಟಿದ ವ್ಯಾಪಾರ ನನ್ನ ಬುದ್ಧಿವಂತಿಕೆಯಿಂದ ಮುಳುಗುವುದರಲ್ಲಿತ್ತು. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು, ಏಕೆಂದರೆ ಶಾಂತಾ ಇನ್ನೂ ಏನೂ ಅಂದಿರಲಿಲ್ಲ.

ಸರ್ಟಿಫಿಕೇಟನ್ನು ಕಟ್ಟುಸಮೇತ ಇಳಿಸಿ, ಬಸ್ಸು ಹತ್ತಿ ವಿಜಯಪುರದ ವಕೀಲರ ಹತ್ತಿರ ಒಯ್ದೆ. "ಮೂರು ಸಾಬೀತು ಮಾಡಬೇಕಾಗ್ತೈತ್ರಿ" ಎಂದರು. "ಆ ವಿಳಾಸ ನಿಮ್ಮ ಮಾರ್ಕಿನಂಗ ಐತಿ, ಅದು ಆತು. ಆ ಹೆಸರಿನ ಮ್ಯಾಲೆ ಅವರಿಗೆ ಹಕ್ಕಿಲ್ಲ, ಇದು ಎರಡನೇದು. ಕೆಟ್ಟ ಬುದ್ಧಿಲೆ ಅದನ್ನ ತಗೊಂಡಾರ, ಇದು ಮೂರನೇದು. ಅವರ ಹೆಸರೇನ್ರಿ?"

ಅದೊಂದನ್ನು ನಾನು ವಿಚಾರಿಸಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿ, ಕೆಟ್ಟ ಬುದ್ಧಿಯ ಕಲಮನ್ನು ಗಟ್ಟಿಯಾಗಿ ಹೇಳಿ, ಹೆಸರು ಕೇಳಿದೆ.

"ನಾನ್ರಿ, ಹುಸೇನಸಾಬ ಕನ್ನೊಳ್ಳಿ" ಎಂದಿತು ಆಚೆಯ ದನಿ. "ನಮ್ಮ ಮುತ್ಯಾ ಕನ್ನೊಳ್ಳಿಯಿಂದ ಬಂದವ್ರು. ಈ ವೆಬ್‌ಸೈಟು ಮಾಡಿಸಿ ಹತ್ತು ವರ್ಷ ಆತ್ರಿ. ನಿಮ್ದು ಯಾವಾಗಿಂದು?"

ನಮ್ಮ ಮಾರ್ಕಿಗೆ ಆಗ ಎರಡೇ ವರ್ಷ ತುಂಬಿತ್ತು. ಹುಟ್ಟದ ಮಾರ್ಕಿಗೆ ಅವರು ಎಂಟು ವರ್ಷ ಮೊದಲೇ ಹೊಂಚು ಹಾಕಿದ್ದರು ಎಂದು ವಾದಿಸಲು ಬರುತ್ತದೆಯೇ ಎಂದು ಕೇಳಿದೆ. ವಕೀಲರು ಕಟ್ಟನ್ನು ನನ್ನ ಕಡೆ ಸರಿಸಿ, "ಗಾಜು ಜ್ವಾಕಿ, ಬಸ್ಸಿನ್ಯಾಗ ಒಡದೀತು" ಎಂದರು.

ಮನೆಗೆ ಬಂದು ಎಲ್ಲ ಒಪ್ಪಿಸಿದೆ. ಶಾಂತಾ ಹಿಟ್ಟಿನ ಕೈ ಒರೆಸಿಕೊಂಡು ಮುದ್ದೇಬಿಹಾಳಕ್ಕೆ ಫೋನ್ ಹಚ್ಚಿದಳು. "ಅಣ್ಣಾರ, ನಾವೂ ಕನ್ನೊಳ್ಳಿಯವ್ರರಿ. ರೊಟ್ಟಿ ಕೇಳಕೋತ ಬಂದವ್ರನ್ನ ನನ್ನ ಕಡೆ ಕಳಿಸಿಕೊಡ್ರಿ."

"ಅದಕ್ಕೇನವಾ ತಂಗಿ, ಕಳಿಸ್ತೇನಿ. ನಿಮ್ಮ ಮನಿಯವ್ರು ಏನೇನೋ ಅಂದ್ರು, ನನಗ ಅಂಜಿಕಿ ಆಗಿತ್ತು ನೋಡು."

ಮರುದಿನವೇ ಶೇರವಾನಿಯ ಕೆಳಗೆ 'ರೊಟ್ಟಿ ಬೇಕಾದವರು ನಮ್ಮ ತಂಗಿಗೆ ಫೋನ್ ಮಾಡಿರಿ' ಎಂಬ ಸಾಲು ಶಾಂತಾಳ ನಂಬರಿನೊಂದಿಗೆ ಬಂತು. ಮಧ್ಯಾಹ್ನದೊಳಗೆ ನಾಲ್ಕು ಆರ್ಡರು. ನನಗೆ ಸಮಾಧಾನವಾಯಿತು, ನಾಚಿಕೆಯೂ ಆಯಿತು.

ಆದರೆ ಶಾಂತಾ ಅಷ್ಟಕ್ಕೇ ಬಿಡಲಿಲ್ಲ. ಬಸವನ ಬಾಗೇವಾಡಿಯಲ್ಲಿರುವ ಅವಳ ತವರಿನವರ ಅಡ್ಡಹೆಸರು ಗೊಳಸಂಗಿ. ಅವಳು ಮೊದಲು ಆ ಹೆಸರಿನ ವಿಳಾಸ ಕೊಂಡಳು, ಆಮೇಲೆ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದಳು, ಕಟ್ಟಕಡೆಗೆ ಲೇಬಲ್ ಅಚ್ಚು ಹಾಕಿಸಿದಳು. "ಮತ್ತ ನನ್ನ ಹೆಸರು?" ಎಂದೆ. "ಅದು ಅಣ್ಣಾರದು" ಎಂದಳು.

ಈಗ ಕೋಣೆಯಲ್ಲಿ ಉಳಿದ ಕನ್ನೊಳ್ಳಿಗಳ ಮೇಲೆ ಗೊಳಸಂಗಿ ಚೀಟಿ ಅಂಟಿಸುವುದು ನನ್ನ ಕೆಲಸ. ಮೊನ್ನೆ ಹೊಸ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು, "ಗೊಳಸಂಗಿಯವ್ರ, ಅದೀರೇನ್ರಿ?" ಎಂದು ಕೂಗಿದರು. ಶಾಂತಾ ಒಲೆಯ ಮುಂದಿದ್ದಳು. ನಾನೇ "ಬಂದೆನ್ರಿ, ಬಂದೆ" ಎಂದು ಎದ್ದು ಹೋದೆ.