ಚಕ್ರವರ್ತಿಯ ಗಂಟಲು

ಬೀಜಿಂಗಿನಲ್ಲಿ ಯಾವುದೋ ಮನೆಯಲ್ಲಿ ಗಂಡನ ಮಾತಿಗೆ ಬೆಲೆಯಿಲ್ಲ ಎಂದರೆ ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಗಂಡನ ಮಾತು ಕೇಳುವುದಕ್ಕಾಗಿಯೇ ಗಂಡನ ಬಾಯಿ ಮುಚ್ಚಿಸುವ ಮನೆ ಇದ್ದರೆ ಅದು ಸುಪ್ರಸಿದ್ಧ ನಟ ಲೂ ಗುವಾನ್‌ಷಾನನದು.

ಸಂಜೆ ಟೀವಿಯಲ್ಲಿ ಅವನ ಧಾರಾವಾಹಿ ಶುರುವಾದರೆ ಅತ್ತೆ ಕಲ್ಲಂಗಡಿ ಬೀಜದ ತಟ್ಟೆ ಹಿಡಿದು ಕೂರುತ್ತಿದ್ದಳು. ಲೂ ಒಂದು ಲೋಟ ಬಿಸಿನೀರು ಕೇಳಿದರೂ ಸಾಕು, ಆಕೆಯ ಕೈ ಮೇಲೇಳುತ್ತಿತ್ತು. "ಸ್ವಲ್ಪ ಸುಮ್ನಿರಿ ಅಳಿಯಂದ್ರೇ. ನೀವು ಮಾತಾಡ್ತಿರೋದು ಕೇಳಿಸ್ತಾ ಇಲ್ಲ."

ಪರದೆಯ ಮೇಲೆ ಮಾತಾಡುತ್ತಿದ್ದವನು ಲೂ ಅಲ್ಲ ಎಂಬುದೇ ಅವನ ಗೋಳು. ಈಟಿ ಹಿಡಿದು ಬಾಗಿಲಲ್ಲಿ ನಿಲ್ಲುವ ಸೈನಿಕನಾಗಿ ಅವನು ಚಿತ್ರರಂಗಕ್ಕೆ ಬಂದಿದ್ದ. ಬಾಣ ತಿಂದು ಸತ್ತ, ಕುದುರೆಯಿಂದ ಬಿದ್ದು ಸತ್ತ, ಸತ್ತು ಸತ್ತೇ ಸೇನಾಪತಿಯಾದ, ಕೊನೆಗೆ ಸಿಂಹಾಸನ ಏರಿದ. ಮುಖದಲ್ಲಿ ರಾಜಕಳೆ. ಗಂಟಲು ಮಾತ್ರ ಹುಟ್ಟುಸೀಮೆ ಹುನಾನಿನ ಮೆಣಸಿನಕಾಯಿ ತಿಂದು ಬೆಳೆದದ್ದು. ಕೀರಲು, ಊರಿನ ಎಳೆತ ಬೇರೆ. ಹಾಗಾಗಿ ಮೊದಲಿನಿಂದಲೂ ಕೋಂಗ್ ಎಂಬಾತ ಅವನಿಗೆ ದನಿ ಕೊಡುತ್ತಿದ್ದ. (ಆ ಕಸುಬಿನಲ್ಲಿ ಇದು ಮಾಮೂಲು. ಮಾತು ಮರೆತ ನಟರು ಒಂದು, ಎರಡು, ಮೂರು ಎಂದು ಬಾಯಾಡಿಸಿ ಮನೆಗೆ ಹೋಗುತ್ತಾರೆ.) ಲೂ ಮಾತ್ರ ಎಲ್ಲವನ್ನೂ ಬಾಯಿಪಾಠ ಮಾಡಿ, ನಿಜವಾಗಿ ಗರ್ಜಿಸಿ, ನಿಜವಾಗಿ ಅಳುತ್ತಿದ್ದ. ಟೀವಿಯಲ್ಲಿ ಬರುವಾಗ ಕಣ್ಣೀರು ಅವನದು, ಬಿಕ್ಕುವ ಸದ್ದು ಕೋಂಗನದು.

ಅತ್ತೆಗೆ ಇದನ್ನು ಯಾರೂ ಹೇಳಿರಲಿಲ್ಲ. ಅಳಿಯ ಒಳ್ಳೆಯ ದನಿಯನ್ನು ಕೆಲಸಕ್ಕೆಂದು ಎತ್ತಿಟ್ಟು ಮನೆಯಲ್ಲಿ ಹಳೆಯದನ್ನೇ ಬಳಸುತ್ತಾನೆ ಎಂದು ನಂಬಿದ್ದಳು. ಅದಕ್ಕಾಗಿ ಅವನ ಮೇಲೆ ಒಂದಿಷ್ಟು ಗೌರವವೂ ಇತ್ತು.

ಕೊನೆಗೂ ಒಬ್ಬ ನಿರ್ದೇಶಕಿ, ಹುನಾನಿನ ನೂಡಲ್ಸ್ ಅಂಗಡಿಯವನ ಪಾತ್ರಕ್ಕೆ ನಿಮ್ಮ ದನಿಯೇ ಇರಲಿ ಎಂದಳು. ಆ ದಿನ ಲೂಗೆ ಊಟ ಸೇರಲಿಲ್ಲ. ಮನೆಯವರು ಒಮ್ಮೆಯಾದರೂ ತನ್ನ ಮಾತು ಕೇಳಬೇಕೆಂಬುದು ಅವನ ಬಹಳ ವರ್ಷಗಳ ಆಸೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮೊದಲ ಕಂತು ಬರುವ ಸಂಜೆ ಕೋಂಗನನ್ನೇ ಊಟಕ್ಕೆ ಕರೆಯುವ ಘನಂದಾರಿ ಯೋಚನೆ ಅವನಿಗೆ ಹೊಳೆಯಿತು.

"ಇದೆಲ್ಲಾ ಯಾಕ್ರೀ ಬೇಕಿತ್ತು?" ಎಂದಳು ಹೆಂಡತಿ ರುಯಿಂಗ್, ಕಡುಬಿಗೆ ಹಿಟ್ಟು ಲಟ್ಟಿಸುತ್ತ.

"ಅವನೂ ಒಂದ್ಸಲ ಕೇಳ್ಲಿ ಬಿಡೇ. ಇಷ್ಟು ವರ್ಷ ಒಂದೇ ಬಾಯಲ್ಲಿ ಸಂಸಾರ ಮಾಡಿದ್ದೀವಿ, ಒಬ್ಬರ ಮುಖ ಒಬ್ಬರು ನೋಡಿಲ್ಲ."

ಕೋಂಗ್ ಬಂದ. ಬೋಳುತಲೆಯ ಕುಳ್ಳ, ಕೈಯಲ್ಲಿ ಕಿತ್ತಳೆಯ ಬುಟ್ಟಿ. ನಾಚಿಕೆ ಸ್ವಭಾವದವನು, ಮಾತಿಲ್ಲದೆ ತಲೆಬಾಗಿ ನಕ್ಕು, ಟೀವಿ ಎದುರಿಗೆ ಎಳೆದಿದ್ದ ಊಟದ ಮೇಜಿನ ಮೂಲೆಯಲ್ಲಿ ಕೂತ. ಇವನೇನಾ ಎಂದು ಲೂಗೆ ಒಳಗೊಳಗೇ ಖುಷಿ.

ಧಾರಾವಾಹಿ ಶುರುವಾಯಿತು. ನೂಡಲ್ಸ್ ಅಂಗಡಿಯವನು ಬಾಯಿ ತೆರೆದ. ಅತ್ತೆಯ ಹಲ್ಲಿನ ನಡುವೆ ಬೀಜ ಹಾಗೇ ನಿಂತಿತು.

"ಯಾರೇ ಇದು, ನಮ್ಮ ಅಳಿಯಂದ್ರ ಬಾಯಲ್ಲಿ?"

"ನಾನೇ ಅತ್ತೆ. ನನ್ನ ಸ್ವಂತ ದನಿ."

ಅತ್ತೆ ಮರುಕದಿಂದ ನೋಡಿದಳು. "ಅಯ್ಯೋ, ಮನೆ ಚಪ್ಪಲಿ ಹಾಕ್ಕೊಂಡೇ ಕೆಲಸಕ್ಕೆ ಹೋಗ್ಬಿಟ್ರಾ?"

ಲೂಗೆ ಅಳು ಬಂತು. ಅದನ್ನು ಕಂಡು ಕೋಂಗನಿಗೆ ತಡೆಯಲಾಗಲಿಲ್ಲ. ಕಡುಬು ನುಂಗಿ ಮೊದಲ ಬಾರಿಗೆ ಬಾಯಿಬಿಟ್ಟ. "ಹಾಗನ್ಬೇಡಿ ಅಮ್ಮ. ಇಷ್ಟು ಜೀವ ಇರೋ ದನಿ ನನ್ನ ಹತ್ರ ಇಲ್ಲ."

ಕಿಟಕಿಯ ಗಾಜು ಅದುರಿತು. ಸಾಕ್ಷಾತ್ ಚಕ್ರವರ್ತಿಯೇ ಮನೆಯೊಳಗೆ ಮಾತಾಡಿದ್ದ. ಅತ್ತೆ ಎದ್ದು ನಿಂತು ಟೀವಿ ಆರಿಸಿದಳು. ಮೀನಿನ ತಟ್ಟೆಯನ್ನು ತಿರುಗಿಸಿ, ಅದರ ತಲೆ ಕೋಂಗನ ಕಡೆ ಇರುವಂತೆ ಇಟ್ಟಳು. (ಮರ್ಯಾದೆಯ ಆ ಮೀನುತಲೆ ಇಷ್ಟು ವರ್ಷ ಲೂ ಕಡೆಗಿತ್ತು.) ರಾಣಿ ಸತ್ತಾಗ ಚಕ್ರವರ್ತಿ ಆಡಿದ ಮಾತು ಒಂದ್ಸಲ ಹೇಳಪ್ಪಾ ಎಂದು ಬೇಡಿಕೊಂಡಳು. ಕೋಂಗ್ ಸಂಕೋಚದಿಂದ ಶುರುಮಾಡಿದ.

"ಅತ್ತೆ, ಅವತ್ತು ಅತ್ತಿದ್ದು ನಾನು..." ಎಂದ ಲೂ.

ಅತ್ತೆಯ ಕೈ ಮೇಲೆದ್ದಿತು. "ಸ್ವಲ್ಪ ಸುಮ್ನಿರಿ ಅಳಿಯಂದ್ರೇ," ಎಂದಳು, ಕೋಂಗನಿಂದ ಕಣ್ಣು ಕೀಳದೆ. "ನೀವು ಮಾತಾಡ್ತಾ ಇದ್ದೀರಿ."

ಲೂ ಬಾಯಿಗೊಂದು ಕಡುಬು ತುರುಕಿಕೊಂಡು, ತಾನು ಮಾತಾಡುವುದನ್ನು ಕೇಳುತ್ತ ಕುಳಿತ.